ನಲವತ್ತೊಂದು ದಿನ ಹಿಂದಕ್ಕೆ

ಆಸ್ಪತ್ರೆಯ ಬಟ್ಟೆ ಒಗೆಸುವ ಗುತ್ತಿಗೆದಾರ ಸೋಮವಾರ ಬೆಳಿಗ್ಗೆ ಹದಿನಾಲ್ಕು ಹೆಂಗಸರನ್ನು ಗೇಟಿನಲ್ಲೇ ತಡೆದು, ಕೆಲಸವಿಲ್ಲವೆಂದು ವಾಪಸ್ ಕಳಿಸಿದ. ಹಬೆಯ ಪೈಪು ಒಡೆದು ಕೈ ಸುಡುತ್ತಿದೆ ಎಂದು ಕಾರ್ಮಿಕರ ದೂರು ಕಚೇರಿಗೆ ಗುಟ್ಟಾಗಿ ಬರೆದುಕೊಟ್ಟಿದ್ದವರು ಆ ಹದಿನಾಲ್ಕೇ ಜನ. ಅವನ ಕೈಯಲ್ಲಿದ್ದ ಹಾಳೆಯಲ್ಲಿ ಹೆಸರುಗಳು ದೂರು ಕೊಟ್ಟ ಕ್ರಮದಲ್ಲೇ ಇದ್ದವು.

ಆರನೆಯ ಹೆಸರು ಅತ್ತೆಯದು. ಸೊಸೆ ಅದೇ ದೂರು ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವವಳು. ಹೆಸರು ಹೊರಗೆ ಹೋಗುವುದಿಲ್ಲ, ನಾನಿದ್ದೇನಲ್ಲ ಎಂದು ಧೈರ್ಯ ಹೇಳಿ ದೂರು ಬರೆಸಿದ್ದೂ ಅವಳೇ. ಅತ್ತೆ ಕೂಗಾಡಲಿಲ್ಲ. ಮೊಣಕೈವರೆಗಿನ ಪಟ್ಟಿ ಬಿಚ್ಚಿ ಮುಲಾಮು ಹಚ್ಚಿಕೊಳ್ಳುತ್ತಾ ಕೇಳಿದಳು: "ನಿನ್ನ ಪೆಟ್ಟಿಗೆಗೆ ಬೀಗ ಇತ್ತೇನೇ, ಇಲ್ಲಾ ಬೀಗದ ಚಿತ್ರ ಅಂಟಿಸಿದ್ರಾ?"

ಬೀಗವಿತ್ತು, ಬೀಗವೇ ಕೆಟ್ಟಿತ್ತು. ಮಾಹಿತಿ ಕಾಯಬೇಕಾದ ಡೇಟಾಬೇಸ್ ಸಾಫ್ಟ್‌ವೇರಿನಲ್ಲೇ ಒಂದು ತೂತು. ನೋಡಲಷ್ಟೇ ಅನುಮತಿ ಇದ್ದವನು ಬೇಕೆಂದೇ ತಿರುಚಿದ ಒಂದು ಪ್ರಶ್ನೆ ಕಳಿಸಿದರೆ ಸಾಕು, ಅವನೇ ಯಜಮಾನ ಎಂದು ನಂಬಿ ಅದು ಎಲ್ಲವನ್ನೂ ತೆರೆದಿಡುತ್ತಿತ್ತು. ವಿಚಾರಣೆಯ ತಾರೀಖು ನೋಡಿಕೊಳ್ಳಲೆಂದು ಗುತ್ತಿಗೆದಾರನಿಗೂ ಅಂಥದೊಂದು ಲಾಗಿನ್ ಕೊಟ್ಟಿದ್ದರು. ಅತ್ತೆ ಇದನ್ನು ತನ್ನ ಕೆಲಸಕ್ಕೆ ಇಳಿಸಿಕೊಂಡಳು: ಚಾದರ ಎಣಿಸಲು ಬಂದವನು ನಾನೇ ಉಗ್ರಾಣದವನು ಅಂದನಂತೆ, ಇವರು ಕೀಲಿಗೊಂಚಲು ಕೊಟ್ಟರಂತೆ. ತೇಪೆ ಹಾಕಬಾರದಿತ್ತೇ ಎಂದಳು.

ತೇಪೆ ಬಂದು ನಲವತ್ತೊಂದು ದಿನವಾಗಿತ್ತು. ಸಾಫ್ಟ್‌ವೇರ್ ಮಾಡಿದವರೇ ಪ್ಯಾಚ್ ಕಳಿಸಿದ್ದರು. ಅದನ್ನು ಹಾಕಲು ಸರ್ವರನ್ನು ಅರ್ಧ ಗಂಟೆ ನಿಲ್ಲಿಸಬೇಕು. ಸೊಸೆ ಮೂರು ಸಲ ಕೇಳಿದಳು, ಕಚೇರಿಯ ಸಾಹೇಬರು ಮೂರು ಸಲವೂ ಆಮೇಲೆ ಅಂದರು. ಕಚೇರಿ "ಒಂದು ಕ್ಷಣವೂ ನಿಲ್ಲದ ಸೇವೆ" ಎಂಬ ಪ್ರಶಸ್ತಿಗೆ ಅರ್ಜಿ ಹಾಕಿತ್ತು. ಫಲಕ ತೂಗುಹಾಕಲು ಸಾಹೇಬರ ಕುರ್ಚಿಯ ಹಿಂದೆ ಮೊಳೆಯೂ ಹೊಡೆದಾಗಿತ್ತು.

ಬುಧವಾರ ಮಧ್ಯಾಹ್ನ ಸಾಹೇಬರು ತಾವೇ ಸರ್ವರ್ ಕೋಣೆಗೆ ಬಂದರು. ಹೆಸರು ಸೋರಿದ್ದು ಹೇಗೆಂದು ನೋಡಲು ಮಾರನೆಯ ದಿನ ತನಿಖೆಯವರು ಬರುವವರಿದ್ದರು. ಚಳಿಗೆ ಅಂಗೈ ಉಜ್ಜುತ್ತಾ, ಸಣ್ಣ ಕೆಲಸ ಅಂದರು. ಯಂತ್ರದ ಗಡಿಯಾರವನ್ನು ನಲವತ್ತೊಂದು ದಿನ ಹಿಂದಕ್ಕೆ ತಿರುಗಿಸಬೇಕು, ಪ್ಯಾಚ್ ಹಾಕಬೇಕು, ಗಡಿಯಾರವನ್ನು ಮತ್ತೆ ಸರಿ ಮಾಡಬೇಕು. ದಾಖಲೆಯಲ್ಲಿ ಹಳೆಯ ತಾರೀಖು ಬೀಳುತ್ತದೆ. ಅಲ್ಲಿಗೆ ತೂತೇ ಇರಲಿಲ್ಲ ಎಂದಾಯಿತು.

ಹಾಗಾದರೆ ಹೆಸರುಗಳು ಹೇಗೆ ಹೋದವು ಎಂದು ಸೊಸೆ ಕೇಳಿದಳು.

ಸಾಹೇಬರು ಗಾಜಿನ ಗೋಡೆಯಾಚೆ ಕಣ್ಣು ಹಾಯಿಸಿದರು. ಅಲ್ಲಿ ದೂರು ಟೈಪು ಮಾಡುವ ಹಿರಿಯಳು ಕೂತಿದ್ದಳು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ತನ್ನ ವಯಸ್ಸನ್ನೂ ಯಾರಿಗೂ ಹೇಳದ ಅವಳನ್ನು ಕಚೇರಿಯೆಲ್ಲ ಬೀಗದಕ್ಕ ಎಂದು ಕರೆಯುತ್ತಿತ್ತು.

"ಟೈಪು ಮಾಡಿದ್ದು ಆಯಮ್ಮ ತಾನೇ? ಬಾಯಿ ಜಾರಿರುತ್ತೆ. ಮುಂದಿನ ವರ್ಷ ಹೇಗೂ ರಿಟೈರು."

"ಬೀಗದಕ್ಕನ ಬಾಯಾ ಸಾರ್? ಆ ಬಾಯಿಂದ ಒಂದು 'ಹ್ಞೂಂ' ತೆಗೆಸಕ್ಕೇ ನನಗೆ ಎರಡು ವರ್ಷ ಹಿಡೀತು. ಹದಿನಾಲ್ಕು ಹೆಸರು ಸಾಲಾಗಿ ಜಾರಿದ್ವಾ?"

ಇದು ತಮಾಷೆಯ ಹೊತ್ತಲ್ಲ ಎಂದು ಸಾಹೇಬರು ಗದರಿದರು. ಸೊಸೆಯ ನೌಕರಿ ಇನ್ನೂ ಖಾಯಂ ಆಗಿಲ್ಲವೆಂದು ನೆನಪಿಸಿದರು. ಮನೆಯಲ್ಲಿ ಆಗಲೇ ಒಬ್ಬರ ಕೆಲಸ ಹೋಗಿದೆಯಂತಲ್ಲ, ಪಾಪ, ಎಂದೂ ಸೇರಿಸಿದರು. ಯಂತ್ರಗಳ ಗುಂಯ್‌ಗುಡುವಿಕೆಯಲ್ಲಿ ಆ "ಪಾಪ" ಮುಳುಗಿಹೋಗಬೇಕಿತ್ತು. ಅವಳಿಗೆ ಅದೇ ಚೆನ್ನಾಗಿ ಕೇಳಿಸಿತು.

ಗಾಜಿನಾಚೆ ಬೀಗದಕ್ಕ ಕನ್ನಡಕ ಒರೆಸಿಕೊಂಡು, ದೂರು ಹೇಳಲು ಬಂದ ಹೊಸ ಹೆಂಗಸಿಗೆ ಕೂರುವಂತೆ ಸನ್ನೆ ಮಾಡಿದಳು. ಆ ಹೆಂಗಸು ಕೂರುವ ಮುಂಚೆ ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದಳು. ತೂತು ಇನ್ನೂ ಬಾಯಿ ತೆರೆದೇ ಇತ್ತು.

ಸೊಸೆ ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡಳು. ಸಾಹೇಬರ ಮುಖ ಸಡಿಲಾಯಿತು.

"ಯಾರ್ಯಾರು ಒಳಗೆ ಬಂದಿದ್ರು ಅನ್ನೋ ಹಳೇ ದಾಖಲೆ ನಕಲು ತೆಗೆದಿಟ್ಟು ಪ್ಯಾಚ್ ಈಗಲೇ ಹಾಕ್ತೀನಿ ಸಾರ್, ಇವತ್ತಿನ ತಾರೀಖಿಗೆ. ಅರ್ಧ ಗಂಟೆ ಎಲ್ಲಾ ನಿಲ್ಲುತ್ತೆ. ಗಡಿಯಾರ ಮಾತ್ರ ಮುಟ್ಟಲ್ಲ."

"ನಾನು ಹೇಳ್ತಿರೋದು ಆರ್ಡರು."

"ಗೊತ್ತು ಸಾರ್. ಮುಟ್ಟಲ್ಲ."