ಗಿರಾಕಿಯ ಕುರ್ಚಿ

ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಅಪ್ಪ ರಸ್ತೆ ದಾಟುತ್ತಿರುತ್ತಾರೆ. ನನ್ನ ಕಡೆಗಲ್ಲ, ಎದುರುಗಡೆಗೆ. ಅಲ್ಲಿರುವುದು ನನ್ನ ತಮ್ಮನ ಶೋರೂಮ್. ಹೊಸ ಸೋಫಾ, ಹೊಸ ಮಂಚ, ಹೊಸ ಊಟದ ಮೇಜು, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ಗಾಜಿನ ಹಿಂದಿನ ಮೊದಲನೇ ಕುರ್ಚಿಯಲ್ಲಿ ಅಪ್ಪ ಕೂತರೆಂದರೆ ಊಟದ ಹೊತ್ತಿನ ತನಕ ಏಳುವುದಿಲ್ಲ.

ಈ ಕಡೆ ಇರುವುದು ನನ್ನ ಕುಶನ್ ಅಂಗಡಿ. ಹರಿದ ಸೋಫಾ, ಕುಸಿದ ಕುರ್ಚಿ ತಂದರೆ ಹೊಸ ಫೋಮು, ಹೊಸ ಬಟ್ಟೆ ಹಾಕಿ ಕೊಡುತ್ತೇನೆ. ಇದು ಅಪ್ಪನದೇ ಅಂಗಡಿ, ಅಪ್ಪನದೇ ಕಸುಬು, ಅಪ್ಪನ ಕೈಯಲ್ಲೇ ಹಿಡಿ ಸವೆದ ಸುತ್ತಿಗೆ. ಬಾಯಿ ತುಂಬ ಮೊಳೆ ಇಟ್ಟುಕೊಂಡು ಒಂದೊಂದೇ ಹೊರಗೆ ತೆಗೆದು ಹೊಡೆಯುವುದನ್ನು ಕಲಿತವನು ನಾನು. ಮೊಳೆ ಬಾಯಿಗಿಟ್ಟರೆ ವಾಂತಿ ಬರುತ್ತದೆ ಎಂದು ಅತ್ತು ಓಡಿಹೋದವನು ತಮ್ಮ. ಗಿರಾಕಿಯ ಕುರ್ಚಿಯ ಮೇಲೆ ಕೂರಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಚಿಕ್ಕವನಿದ್ದಾಗ ಒಮ್ಮೆ ಕೂತಿದ್ದಕ್ಕೆ ಅಪ್ಪ ಕೊಟ್ಟ ಏಟು ನನ್ನ ತೊಡೆಗೆ ಇನ್ನೂ ನೆನಪಿದೆ. ಇವತ್ತಿಗೂ ನಾನು ಕೂರುವುದು ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ.

ಅಂಥ ಪಾಠ ಕಲಿತವನನ್ನು ಬಿಟ್ಟು, ಓಡಿಹೋದವನ ಏಸಿಯಲ್ಲಿ ಹೋಗಿ ಕೂರುತ್ತಾರಲ್ಲ, ಹೊಟ್ಟೆ ಉರಿಯದೆ ಏನು ಮಾಡೀತು? ಗಾಜಿನಾಚೆ ಅವರಿಬ್ಬರೂ ನಗುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಮಾತು ಕೇಳಿಸಿದ್ದರೆ ಉರಿ ಇಷ್ಟು ಇರುತ್ತಿರಲಿಲ್ಲವೇನೋ.

ಸಾಲದ್ದಕ್ಕೆ ನಗರಸಭೆಯ ಲಾರಿ ಬೇರೆ. ವಾರಕ್ಕೊಮ್ಮೆ ಬಂದು, ಮನೆ ಮುಂದೆ ಇಟ್ಟ ದೊಡ್ಡ ಸಾಮಾನನ್ನೆಲ್ಲ ಬಿಟ್ಟಿಯಾಗಿ ಹೊತ್ತುಕೊಂಡು ಹೋಗುತ್ತಿತ್ತು. ಹಳೆಯದನ್ನು ಏನು ಮಾಡುವುದು ಎಂದು ಗಿರಾಕಿ ಕೇಳಿದರೆ ತಮ್ಮನ ಬಾಯಲ್ಲಿ ಒಂದೇ ಮಾತು.

"ಆಚೆ ಇಟ್ಬಿಡಿ ಸಾರ್, ಲಾರಿ ಬರತ್ತೆ. ನಿಮಗೇನು ಖರ್ಚು?"

ಒಂದೇ ಒಂದು ಹೊಲಿಗೆ ಬಿಚ್ಚಿದ ಸೋಫಾ ಕೂಡ ಲಾರಿ ಹತ್ತುವುದನ್ನು ನಾನು ಡಬ್ಬದ ಮೇಲೆ ಕೂತು ನೋಡಿದ್ದೇನೆ. ಗಟ್ಟಿ ಮರದ ಚೌಕಟ್ಟು, ಒಳ್ಳೇ ಸ್ಪ್ರಿಂಗು. ನನ್ನ ಹತ್ತಿರ ತಂದಿದ್ದರೆ ಇನ್ನೊಂದು ತಲೆಮಾರು ಕೂರಬಹುದಿತ್ತು.

ಆಮೇಲೆ ನಗರಸಭೆಯವರು, ಇನ್ನು ದೊಡ್ಡ ಸಾಮಾನು ಒಯ್ಯಲು ಶುಲ್ಕ ಇಡಬೇಕೆಂದಿದ್ದೇವೆ, ಜನ ಬಂದು ಅಭಿಪ್ರಾಯ ಹೇಳಿ ಎಂದು ಸಭೆ ಕರೆದರು. ನಾನು ಹೊಸ ಶರ್ಟು ಹಾಕಿಕೊಂಡು ಹೊರಟೆ.

"ಕಸದ ಮೀಟಿಂಗಿಗೆ ಇಸ್ತ್ರಿ ಬೇರೆ," ಎಂದು ನಗಾಡಿದ ನನ್ನ ಹೆಂಡತಿಯೂ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು.

ಸಭೆಯಲ್ಲಿ ಎದ್ದು ನಿಂತು ಹೇಳಿದೆ: "ಶುಲ್ಕ ಹಾಕ್ಲೇಬೇಕು. ಬಿಟ್ಟಿ ಅಂದ್ರೆ ಜನ ಯೋಚನೇನೇ ಮಾಡಲ್ಲ. ರಿಪೇರಿ ಆಗತ್ತಾ, ಇನ್ನೊಬ್ರಿಗೆ ಬೇಕಾ, ಏನೂ ನೋಡಲ್ಲ. ಎಸೆಯೋರ ಖರ್ಚನ್ನ ಎಸೀದೇ ಇರೋರು ಯಾಕೆ ಹೊರಬೇಕು?"

ಚಪ್ಪಾಳೆ ಬಿತ್ತು. ತಮ್ಮ ಎದ್ದ.

"ಅಣ್ಣ ಹೇಳಿದ್ದು ಸರಿ. ಆದ್ರೆ ದುಡ್ಡಿಲ್ಲದೋರು ಏನ್ಮಾಡ್ತಾರೆ? ಕತ್ತಲಾದ್ಮೇಲೆ ಹಾಸಿಗೆ ತಂದು ಮೋರಿಗೆ ಹಾಕ್ತಾರೆ. ಮೋರಿ ಕಟ್ಕೊಂಡ್ರೆ ಅದನ್ನ ತೆಗ್ಸೋ ಖರ್ಚು ಯಾರ್ದು?"

ಮಾತಿನಲ್ಲಿ ಹುರುಳಿತ್ತು. ಅದೇ ನನಗೆ ಸಹಿಸಲಾಗಲಿಲ್ಲ. ಕೊನೆಗೆ ಕೈ ಎತ್ತಿಸಿದರು. ಶುಲ್ಕದ ಪರ ಹೆಚ್ಚು ಕೈ ಎದ್ದವು. ನನ್ನ ಮಾತು ಗೆದ್ದಿತ್ತು. ತಿರುಗಿ ನೋಡಿದರೆ ಅಪ್ಪ ತಮ್ಮನ ಬೆನ್ನು ತಟ್ಟುತ್ತಿದ್ದರು.

"ಸೋತೋನನ್ನ ಸಮಾಧಾನ ಮಾಡ್ತಿದಾರೆ ರೀ," ಎಂದಳು ಹೆಂಡತಿ.

"ಗೆದ್ದೋನಿಗೆ ಬೆನ್ನಿಲ್ವಾ?" ಎಂದೆ.

ಶುಲ್ಕ ಶುರುವಾಗುವ ಮುಂಚೆ ಬಿಟ್ಟಿಯಾಗಿ ಒಯ್ಯುವ ಕೊನೆಯ ವಾರ ಎಂದು ಸಾರಿದರು. ಜನ ನಾ ಮುಂದು ತಾ ಮುಂದು ಎಂದು ಮನೆ ಖಾಲಿ ಮಾಡಿದರು. ಮಂಚ, ಕಪಾಟು, ಹಾಸಿಗೆ ಎಲ್ಲ ಬೀದಿಗೆ ಬಂದವು. ನಾನೂ ಅಂಗಡಿಯ ಮೂಲೆ ಗುಡಿಸಿದೆ. ತುಕ್ಕು ಹಿಡಿದ ಸ್ಪ್ರಿಂಗು, ಕೊಳೆತ ಫೋಮು, ಅವುಗಳಡಿ ಒಂದು ಕಾಲು ಮುರಿದ ಹಳೇ ಕುರ್ಚಿ.

"ಅದ್ಯಾರ್ದು ಅಂತ ನೋಡಿ ಹಾಕಿ," ಎಂದಳು ಹೆಂಡತಿ.

"ಯಾವ ಗಿರಾಕಿದೂ ಅಲ್ಲ. ಬಿಟ್ಟಿ ಹೋಗೋವಾಗ ಹೋಗ್ಲಿ ಬಿಡು."

ಶುಲ್ಕ ಬಂದ ಮೇಲೆ ನನ್ನ ಅಂಗಡಿಗೂ ಕಳೆ ಬಂತು. ಎಸೆಯಲು ದುಡ್ಡು ಕೊಡುವ ಬದಲು ಅದಕ್ಕೇ ಇನ್ನಷ್ಟು ಸೇರಿಸಿ ಸರಿ ಮಾಡಿಸೋಣ ಎಂದು ಜನ ಬಂದರು. ಕಾಲಿಡಲು ಜಾಗವಿಲ್ಲದಷ್ಟು ಕುರ್ಚಿ ತುಂಬಿದವು. ಅಪ್ಪ ಒಂದು ಸಲ ಬಂದರು, ಬಾಗಿಲಲ್ಲಿ ನಿಂತು ಸುತ್ತ ನೋಡಿ, "ಚೆನ್ನಾಗಿದೆ" ಎಂದು ಮಂಡಿ ನೀವಿಕೊಂಡು, ಮತ್ತೆ ರಸ್ತೆ ದಾಟಿದರು. ಅಂಗಡಿ ತುಂಬಿದರೂ ಒಂದು ಗಳಿಗೆ ನಿಲ್ಲಲಿಲ್ಲವಲ್ಲ ಎಂದು ನನ್ನ ಕಣ್ಣು ಕೆಂಪಾಯಿತು.

ಅಷ್ಟರಲ್ಲಿ ಎದುರುಗಡೆ ಬೋರ್ಡು ಏರಿತು: "ಹೊಸದು ಕೊಳ್ಳಿ. ಹಳೆಯದನ್ನು ನಾವೇ ಒಯ್ಯುತ್ತೇವೆ. ನಗರಸಭೆಯ ಶುಲ್ಕ ನಮ್ಮದು." ಏಣಿಯ ಮೇಲೆ ತಮ್ಮ. ಏಣಿ ಹಿಡಿದು ಕೆಳಗೆ ಅಪ್ಪ.

"ಎಡಗಡೆ ಒಂಚೂರು ಎತ್ತೋ," ಎನ್ನುತ್ತಿದ್ದರು.

ಸುತ್ತಿಗೆ ಕೈಯಲ್ಲೇ ಇತ್ತು. ಹಾಗೆಯೇ ರಸ್ತೆ ದಾಟಿದೆ. ನಾನು ತಲುಪುವಷ್ಟರಲ್ಲಿ ಅಪ್ಪ ಒಳಗೆ ಹೋಗಿ ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಶೋರೂಮಿನ ಒಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು.

"ಅಪ್ಪಾ, ಕಸುಬು ನಂಗೆ ಕಲಿಸಿ ಇವನ ಬೋರ್ಡು ನೇರ ಮಾಡ್ತೀರಲ್ಲ! ನನ್ನ ಅಂಗಡೀಲಿ ಒಂದು ದಿನಾನಾದ್ರೂ ಕೂತಿದೀರಾ? ನಾನೇನು ಮಗ ಅಲ್ವಾ?"

ತಮ್ಮ ನನ್ನ ಕೈಯ ಸುತ್ತಿಗೆ ನೋಡಿ ಹಿಂದೆ ಸರಿದ. ಅಪ್ಪನಿಗೆ ಸಿಟ್ಟು ಬರಲಿಲ್ಲ. ಗಾಜಿನ ಕಡೆ ಕೈ ತೋರಿಸಿದರು.

"ನೋಡು ಅಲ್ಲಿ. ನಿನ್ನ ಅಂಗಡೀಲಿ ನಾನೆಲ್ಲಿ ಕೂರ್ಲಿ?"

ನೋಡಿದೆ. ನನ್ನ ಅಂಗಡಿಯನ್ನು ಆ ಕಡೆಯಿಂದ ಯಾವತ್ತೂ ನೋಡಿರಲಿಲ್ಲ. ಬಾಗಿಲಿಂದ ಗೋಡೆಯ ತನಕ ಬರೀ ಕುರ್ಚಿಗಳು. ಎಲ್ಲ ಗಿರಾಕಿಗಳವು. ನಡುವೆ ನನ್ನ ಬಣ್ಣದ ಡಬ್ಬ.

"ನಿಂತ್ಕೊಳ್ಳೋಕೆ ಮಂಡಿ ಕೇಳಲ್ಲ ಕಣೋ. ಆ ಡಬ್ಬದ ಮೇಲೆ ಕೂತ್ರೆ ಏಳಕ್ಕಾಗಲ್ಲ. ಮೂಲೇಲಿ ನಂದೂ ಅಂತ ಒಂದು ಕುರ್ಚಿ ಇತ್ತು. ಕಾಲು ಮುರಿದಿತ್ತು, ಗಿರಾಕಿ ಕೆಲಸ ಮುಗಿದ್ಮೇಲೆ ಮಾಡ್ತೀಯ ಅಂತ ಕಾಯ್ತಿದ್ದೆ. ಅದನ್ನ ನೀನೇ ಲಾರಿಗೆ ಹಾಕ್ದೆ, ಬಿಟ್ಟಿ ಅಂತ."

ಬಿಟ್ಟಿ ಅಂದ್ರೆ ಜನ ಯೋಚನೇನೇ ಮಾಡಲ್ಲ ಎಂದು ಊರಿಗೆಲ್ಲ ಹೇಳಿದವನು ನಾನು.

ಶೋರೂಮಿನ ಹಿಂದೆ, ಬೋರ್ಡು ಏರುವ ಮೊದಲೇ ಗಿರಾಕಿಗಳ ಮನೆಯಿಂದ ತಮ್ಮ ಹೊತ್ತು ತಂದ ಹಳೇ ಸಾಮಾನೆಲ್ಲ ರಾಶಿ ಬಿದ್ದಿತ್ತು. ಅವನ ಹತ್ತಿರ ಏನನ್ನಾದರೂ ಕೇಳುವುದೆಂದರೆ ನನಗೆ ನಾಲಿಗೆ ಕಿತ್ತುಕೊಂಡಷ್ಟು ಕಷ್ಟ. ಕೇಳಿದೆ.

"ಆ ರಾಶೀಲಿ ಕೈ ಇರೋ ಕುರ್ಚಿ ಒಂದು ಬೇಕು."

"ತಗೊಂಡು ಹೋಗಣ್ಣ. ನಂಗೂ ಒಂದು ಶುಲ್ಕ ಉಳಿಯತ್ತೆ."

ಕೊಡುವಾಗಲೂ ಲಾಭ ಮಾಡಿಕೊಳ್ಳುತ್ತಾನೆ, ನೋಡಿ.

ಗಿರಾಕಿಗಳ ಕೆಲಸವನ್ನೆಲ್ಲ ಬದಿಗಿಟ್ಟು ಆ ಕುರ್ಚಿಯನ್ನು ಬಿಚ್ಚಿದೆ. ಸೀಟಿನಡಿಗೆ ಹೊಸ ಪಟ್ಟಿ, ಹೊಸ ಸ್ಪ್ರಿಂಗು ಹಾಕಿದೆ. ಮಂಡಿಗೆ ಕಷ್ಟವಾಗದಿರಲೆಂದು ಕಾಲುಗಳನ್ನು ತುಸು ಎತ್ತರಿಸಿದೆ. ಹೆಂಡತಿ ಉಳಿದಿದ್ದರಲ್ಲೇ ಒಳ್ಳೆಯ ಬಟ್ಟೆ ಆರಿಸಿ ಹೊಲಿದಳು. ಬಾಗಿಲ ಪಕ್ಕ ಜಾಗ ಮಾಡಿ ಇಟ್ಟೆವು.

ಮರುದಿನ ಅಪ್ಪ ರಸ್ತೆ ದಾಟಲು ಹೊರಟವರು ಅದನ್ನು ಕಂಡು ನಿಂತರು.

"ಇದ್ಯಾವ ಗಿರಾಕಿದು?"

"ಯಾವ ಗಿರಾಕಿದೂ ಅಲ್ಲ. ಮನೇದು."

ಹೆಬ್ಬೆರಳಲ್ಲಿ ಒತ್ತಿದರು. ತಲೆಕೆಳಗು ಮಾಡಿಸಿ ಮೊಳೆ ನೋಡಿದರು. "ತುಂಬ ಒತ್ತೊತ್ತಾಗಿ ಹೊಡೆದಿದೀಯ, ಮರ ಸೀಳತ್ತೆ," ಎಂದರು. ಆಮೇಲೆ ಕೂತರು.

ಎದುರಿನ ಗಾಜಿನ ಹಿಂದೆ ಮೊದಲನೇ ಕುರ್ಚಿ ಖಾಲಿ ಇತ್ತು. ನಾನು ಬೇಕೆಂದೇ ಮತ್ತೆ ಮತ್ತೆ ಅತ್ತ ನೋಡಿದೆ. ತಮ್ಮ ಬಾಗಿಲಿಗೆ ಬಂದ, ಒಳಗೆ ಹೋದ, ಮತ್ತೆ ಬಂದ. ನನಗೆ ಸುಖವೋ ಸುಖ. ಕೊನೆಗೆ ತಡೆಯಲಾರದೆ ರಸ್ತೆ ದಾಟಿ ಬಂದ.

"ಅಪ್ಪಾ, ಬರ್ಲೇ ಇಲ್ವಲ್ಲ," ಎಂದ. ಅವನದು ನನಗೆ ಚೆನ್ನಾಗಿ ಗೊತ್ತಿದ್ದ ಮುಖ. ಶಟರ್ ಎತ್ತುವಾಗ ದಿನಾ ನಾನು ಹಾಕಿಕೊಳ್ಳುತ್ತಿದ್ದದ್ದು.

ಸುತ್ತ ಅಷ್ಟು ಕುರ್ಚಿಗಳಿದ್ದರೂ ಅವನು ಕೂರಲಿಲ್ಲ. ಕಸುಬು ಬಿಟ್ಟು ಓಡಿದ್ದರೂ ಮೊದಲ ಪಾಠ ಮರೆತಿರಲಿಲ್ಲ.

"ನಿಂತೇ ಇದಾನೆ, ಪಾಪ," ಎಂದರು ಅಪ್ಪ. "ಇವನಿಗೂ ಒಂದು ಮಾಡ್ಕೊಡೋ."

ಆ "ಪಾಪ" ಕೇಳಿ ಆರಿದ್ದ ಹೊಟ್ಟೆ ಮತ್ತೆ ಹೊತ್ತಿಕೊಂಡಿತು. ನನಗೆ ಯಾವತ್ತಾದರೂ ಪಾಪ ಎಂದಿದ್ದರೇ? ಹೇಳಲು ಬಾಯಿ ತೆರೆದೆ. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಒಂದು ಹಿಡಿ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡೆ.

ನನ್ನ ಡಬ್ಬವನ್ನು ಕಾಲಲ್ಲಿ ತಮ್ಮನ ಕಡೆ ತಳ್ಳಿದೆ. ಅವನು ಇಸ್ತ್ರಿ ಪ್ಯಾಂಟಿನಲ್ಲೇ ಅದರ ಮೇಲೆ ಕೂತ, ಅಪ್ಪನ ಮಂಡಿಗೆ ತಾಗಿಕೊಂಡು. ಕೂರಲು ಇನ್ನೇನೂ ಉಳಿದಿರಲಿಲ್ಲ. ನಾನು ನಿಂತುಕೊಂಡೇ ಕೆಲಸ ಮಾಡಿದೆ.