ಅಳೆಯದೆ ಬರೆದ ಅಂಕಿ

ಮೀಟರು ಮೂರನೆಯ ಸಲವೂ ಅದೇ ಅಂಕಿಯನ್ನು ತೋರಿಸಿತು. ಸಿ.ಟಿ. ಯಂತ್ರದ ಮೇಜಿನ ಮೇಲೆ, ಮಗುವಿನ ತಲೆ ಇರಬೇಕಾದ ಜಾಗದಲ್ಲಿ, ಪ್ಲಾಸ್ಟಿಕ್ಕಿನ ದಪ್ಪ ಉರುಳೆಯನ್ನಿಟ್ಟು ಪೂರ್ವಿ ಅದಕ್ಕೆ ತಗಲುವ ಎಕ್ಸ್-ರೇ ಕಿರಣವನ್ನು ಅಳೆಯುತ್ತಿದ್ದಳು. ಪ್ರಮಾಣ ಇರಬೇಕಾದ್ದಕ್ಕಿಂತ ಎರಡು ಪಟ್ಟಿತ್ತು.

ಕಾರಣ ಬೇಗನೇ ಸಿಕ್ಕಿತು. ಮೂರು ವಾರದ ಹಿಂದೆ ಯಂತ್ರದ ಟ್ಯೂಬು ಬದಲಿಸಿದವರು ಸೆಟ್ಟಿಂಗುಗಳನ್ನೆಲ್ಲ ಹೊಸದಾಗಿ ತುಂಬಿದ್ದರು. ‘ಮಕ್ಕಳ ತಲೆ’ ಎಂಬ ಬಟನ್ನಿಗೆ ದೊಡ್ಡವರ ಸೆಟ್ಟಿಂಗೇ ಬಿದ್ದಿತ್ತು. ಅದನ್ನು ಅಂದೇ ಪತ್ತೆಹಚ್ಚಬೇಕಾದವಳು, ಆಸ್ಪತ್ರೆಯಲ್ಲಿ ಕಿರಣದ ಅಳತೆಯ ತರಬೇತಿ ಪಡೆಯುತ್ತಿದ್ದ ಫಿಸಿಕ್ಸ್ ರೆಸಿಡೆಂಟ್ ಆದ ಅವಳೇ. ಆದರೆ ಅಂದು ಹೊರಗೆ ರೋಗಿಗಳ ಗಲಾಟೆ ಶುರುವಾಗಿತ್ತು. ದೊಡ್ಡವರದನ್ನಷ್ಟೇ ಅಳೆದು, ಮಕ್ಕಳ ಸಾಲಿಗೆ ಹಳೆಯ ವರದಿಯ ಅಂಕಿಯನ್ನು ತುಸು ಹೆಚ್ಚುಕಡಿಮೆ ಮಾಡಿ ಬರೆದು, ಸಹಿ ಹಾಕಿದ್ದಳು.

ಬಾಗಿಲು ಸರಿಯಿತು. ಟೆಕ್ನಿಶಿಯನ್ ಜಯಂತ ಇಣುಕಿ, ಮುಗಿಯಿತೇ, ಖಾಪರಖೇಡಾ ಊರಿನ ರೋಗಿ ಬಂದಿದ್ದಾನೆ ಎಂದು ಮರಾಠಿಯಲ್ಲಿ ಕೇಳಿದ.

“ಮ್ಯಾಡಮ್, ಝಾಲಂ ಕಾ? ಖಾಪರಖೇಡಾಚಾ ಪೇಶಂಟ್ ಆಲಾಯ್.”

“ಥಾಂಬಾ, ಪಾಚ್ ಮಿನಿಟ್,” ಎಂದಳು. ಐದು ನಿಮಿಷ ತಾಳಿ ಎಂದ ದನಿ ಅವಳದೇ ಎನಿಸಲಿಲ್ಲ.

ಮೂರು ವಾರದ ಸ್ಕ್ಯಾನುಗಳ ಪಟ್ಟಿ ತೆರೆದಳು. ಹದಿನಾಲ್ಕು ಮಕ್ಕಳು. ಪ್ರೀತಮ್, ಐದು ವರ್ಷ, ಖಾಪರಖೇಡಾ. ಆ ಹೆಸರು ಎರಡು ಸಲ ಇತ್ತು. ಮಿದುಳಿನ ನೀರು ಇಳಿಸಲು ನಳಿಕೆ ಹಾಕಿಸಿಕೊಂಡ ಮಗು. ಇವತ್ತಿನದು ಮೂರನೆಯ ಸ್ಕ್ಯಾನ್. ಸೆಟ್ಟಿಂಗ್ ತಿದ್ದಲು ಎರಡು ನಿಮಿಷ ಸಾಕು. ತಿದ್ದಿದರೆ ಯಾರಿಗೂ ತಿಳಿಯದು. ಅವಳ ಅಂತಿಮ ಪರೀಕ್ಷೆಗೆ ಹತ್ತೇ ದಿನ. ಕೀಲಿಮಣೆಯ ಮೇಲಿಟ್ಟ ಬೆರಳು ತಣ್ಣಗಾಗಿತ್ತು. ಅದನ್ನು ಹಿಂತೆಗೆದು ಎದ್ದುಬಿಟ್ಟಳು.

ಅವಳ ಗೈಡ್ ನರಸಿಂಹಮೂರ್ತಿ ಮೈಸೂರಿನವರು. ಅವರ ಕೋಣೆಯಲ್ಲಿ ಕೂಲರು ಗರಗರ ಎನ್ನುತ್ತಿತ್ತು.

“ಸರ್, ಮಕ್ಕಳ ಡೋಸ್ ಡಬಲ್ ಹೋಗೇತ್ರಿ. ಮೂರು ವಾರದಿಂದ.”

“ಟ್ಯೂಬ್ ಚೇಂಜ್ ಆದ್ಮೇಲೆ ನೀನೇ ಅಳೆದಿದ್ಯಲ್ಲಮ್ಮಾ?”

“ಅಳದಿಲ್ರಿ ಸರ್. ಸುಮ್ನ ಬರದೆ.”

ಅವರು ಬೈಯುತ್ತಾರೆಂದು ಅವಳು ಕಾದಳು. ಅವರು ಕಪಾಟಿನಿಂದ ವರದಿ ತೆಗೆದು ಕೊನೆಯ ಪುಟ ಬಿಡಿಸಿದರು. ಅದನ್ನು ಅವಳ ಕಡೆಗೆ ತಿರುಗಿಸಿಟ್ಟು, ಯಾರಾದರೂ ಕೇಳಿಸಿಕೊಂಡಾರೆಂದು ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು.

“ಕೆಳಗೆ ನನ್ನ ಸಹಿನೂ ಇದೆ. ನೋಡದೇನೇ ಹಾಕ್ಬಿಟ್ಟಿದೀನಿ.”

ಇವರಿಗೂ ಹೆದರಿಕೆಯೇ ಎಂದು ತಿಳಿದಾಗ ಅವಳ ಭಯ ಇಮ್ಮಡಿಯಾಯಿತು. ಇಷ್ಟು ಹೊತ್ತು, ಇವರು ಏನೋ ಒಂದು ದಾರಿ ತೋರಿಸುತ್ತಾರೆ ಎಂದುಕೊಂಡಿದ್ದಳು.

“ಸೇಫ್ಟಿ ಕಮಿಟಿಗೆ ಇವತ್ತೇ ಬರೀತೀನಿ,” ಎಂದರು ಮೂರ್ತಿ. “ನಿನ್ನ ಪರೀಕ್ಷೆ ನಿಲ್ಲುತ್ತೆ. ಆಮೇಲೆ ಉಳಿಸ್ಕೋತಾರೋ ಇಲ್ವೋ, ಅದು ನನ್ನ ಕೈಲಿಲ್ಲ. ನನ್ನದೂ ಅಷ್ಟೇ.”

“ಹೊರಗ ಒಂದು ಪೋರ ಕುಂತದ್ರಿ. ಎರಡು ಸಲ ಆಗಿಬಿಟ್ಟೈತಿ ಅವಗ.”

“ಇವತ್ತಿಂದು ಬೇರೆ ಮಿಷನ್ನಲ್ಲಿ ಮಾಡಿಸೋಣ. ಅವರಮ್ಮನಿಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?”

“ನಾನಽ ಹೇಳ್ತೀನ್ರಿ.”

ಪ್ರೀತಮನ ತಾಯಿ ಇಂದುಮತಿ ಫೈಲನ್ನು ಎದೆಗವಚಿಕೊಂಡು ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಪೂರ್ವಿ ಅವಳೆದುರು ಮಂಡಿಯೂರಿ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ತಪ್ಪು ತನ್ನದು ಎಂಬುದನ್ನೂ.

“ಮಾಝ್ಯಾ ಪೋರಾಲಾ ಕಾಯ್ ಹೋಈಲ್?”

ನನ್ನ ಮಗನಿಗೆ ಏನಾಗುತ್ತದೆ? ಈ ಪ್ರಶ್ನೆಗೆ ಪುಸ್ತಕದಲ್ಲಿ ಒಂದು ಅಂಕಿಯಿತ್ತು, ತೀರ ಸಣ್ಣದು. ಈಗಲೇ ಏನೂ ಆಗುವುದಿಲ್ಲ, ಮುಂದಿನ ಅಪಾಯ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾರೆ ಎಂದಳು ಪೂರ್ವಿ. ಇಂದುಮತಿ ಕೂಗಾಡಲಿಲ್ಲ. ಪೂರ್ವಿಯ ಮುಖವನ್ನೇ ನೋಡುತ್ತಿದ್ದಳು, ಇನ್ನೂ ಏನೋ ಹೇಳಲಿಕ್ಕಿದೆ ಎಂಬಂತೆ.

ಪಕ್ಕದಲ್ಲಿ ಪ್ರೀತಮ್ ಕೈಗಳನ್ನು ತೊಡೆಗೆ ಒತ್ತಿಕೊಂಡು ನೆಟ್ಟಗೆ ಕುಳಿತಿದ್ದ. ಸ್ಕ್ಯಾನಿನ ಹೊತ್ತಿಗೆ ತಲೆ ಅಲ್ಲಾಡಿಸಬಾರದು ಎಂದು ಯಾರೋ ಹೇಳಿಕೊಟ್ಟಿರಬೇಕು. ಕಣ್ಣು ಗಟ್ಟಿಯಾಗಿ ಮುಚ್ಚಿ, ಉಸಿರು ಬಿಗಿಹಿಡಿದು, ಅವನು ಆಗಲೇ ಅಭ್ಯಾಸ ಮಾಡುತ್ತಿದ್ದ.