ಹುಳಿ ಮಜ್ಜಿಗೆ ಕುಡಿದ ಪೈಪು

ನಾನು ನಾಲ್ಕಿಂಚಿನ ಪಿವಿಸಿ ಪೈಪು. ಕಾರ್ಖಾನೆಯ ಬಿಸಿ ಬಾಯಿಂದ ನಾನು ಹೊರಬಿದ್ದ ದಿನ ಅಲ್ಲಿನ ಯಂತ್ರಗಳೆಲ್ಲ ಒಂದು ಗಳಿಗೆ ಸುಮ್ಮನೆ ನಿಂತು ನನ್ನನ್ನೇ ನೋಡಿದವು. ಕರೆಂಟು ಹೋಗಿತ್ತು ಎನ್ನುವವರ ಮಾತು ನಂಬಬೇಡಿ.

ಮೊದಲು ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದ ಮಾಳಿಗೆಯಿಂದ ಮಳೆನೀರು ಇಳಿಸುವ ಕೆಲಸ. ಹನ್ನೊಂದು ಮಳೆಗಾಲ ಇಳಿಸಿದೆ; ಮೂರು ಸಮುದ್ರವಾದರೂ ಆಗಿರಬೇಕು. ಮಂಟಪ ಕೆಡವಿದಾಗ ಗುಜರಿ ಅಂಗಡಿ ಸೇರಿದೆ. ಅಲ್ಲಿಂದ ನನ್ನನ್ನು ಸ್ಕೂಟರಿನ ಮೇಲೆ ಅಡ್ಡ ಇಟ್ಟುಕೊಂಡು ಬಂದವಳು ಶಶಿಕಲಾ. ಲಾರಿಗಳೇ ನಮಗೆ ದಾರಿ ಬಿಟ್ಟವು.

ಶಶಿಕಲಾ ಬಾಡಿಗೆ ಮನೆಯ ಮಾಳಿಗೆಯ ಮೇಲೆ, ಮಣ್ಣಿಲ್ಲದೆ, ಬರೀ ನೀರಿನಲ್ಲಿ ಲೆಟ್ಯೂಸ್ ಸೊಪ್ಪು ಬೆಳೆಯಲು ಹೊರಟಿದ್ದಳು. ಮನೆ ಮಾಲೀಕ ಬಳಿಗಾರ ಕಾಕಾರಿಗೆ ಮಾಳಿಗೆ ಸೋರುವ ಭಯ.

"ಒಂದೂವರಿ ತಿಂಗಳ ಕೊಟ್ಟೇನಿ," ಎಂದರು. "ಅಷ್ಟರಾಗ ನನ್ನ ತಾಟಿನಾಗ ಸೊಪ್ಪು ಬೀಳಬೇಕು. ಇಲ್ಲಂದ್ರ ಎಲ್ಲಾ ಕೆಳಗ ಇಳಸವಾ."

"ಬೀಳತೈತ್ರಿ ಕಾಕಾರ. ತಾಟ ದೊಡ್ಡದ ಇಟ್ಕೊಳ್ರಿ."

ಸ್ಟೀಲ್ ಲೋಟವನ್ನು ಒಲೆಯ ಮೇಲೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ನನ್ನ ಬೆನ್ನಿಗೆ ಒತ್ತಿದಳು. ಹನ್ನೆರಡು ತೂತು. ನಾನು ಅಳಲಿಲ್ಲ. ತೂತಿಗೊಂದು ತಳ ಚುಚ್ಚಿದ ಚಹಾ ಕಪ್ಪು, ಅದರೊಳಗೆ ತೆಂಗಿನ ನಾರು, ನಾರಿನಲ್ಲೊಂದು ಸಸಿ. ಕೆಳಗೆ ಪೇಂಟಿನ ಹಳೆ ಬಕೆಟ್ಟು, ಅದರ ತುಂಬ ಗೊಬ್ಬರದ ಉಪ್ಪು ಕರಗಿಸಿದ ನೀರು. ಮೀನಿನ ತೊಟ್ಟಿಯ ಪುಟ್ಟ ಪಂಪು ಆ ನೀರನ್ನು ನನ್ನ ಒಂದು ತುದಿಗೆ ಏರಿಸುತ್ತಿತ್ತು. ಇನ್ನೊಂದು ತುದಿಯಿಂದ ಅದು ಬಕೆಟ್ಟಿಗೇ ಮರಳುತ್ತಿತ್ತು. ಐದನೇ ವಾರಕ್ಕೆ ಎಲೆಗಳು ಆನೆಯ ಕಿವಿಯಷ್ಟಾದವು. ಸರಿ, ಆನೆಮರಿಯ ಕಿವಿ.

ಶಶಿಕಲಾಳ ಅತ್ತೆ ನೀಲವ್ವನಿಗೆ ಮಾತ್ರ ಕರುಳು ಚುರ್ ಎನ್ನುತ್ತಿತ್ತು. "ಬರೇ ಉಪ್ಪುನೀರು ಕುಡಿಸಿ ಎಳೀ ಕೂಸುಗಳನ್ನ ಸಾಕತಾಳ," ಎಂದು ಗೊಣಗಿ, ಕರಿಬೇವಿನ ಗಿಡಕ್ಕೆ ಹಾಕುವಂತೆಯೇ ಒಂದು ಚೊಂಬು ಹುಳಿ ಮಜ್ಜಿಗೆಯನ್ನು ಬಕೆಟ್ಟಿಗೆ ಸುರಿದುಬಿಟ್ಟಳು. ಮರುದಿನ ಪಂಪು ಕೆಟ್ಟು ನಿಂತಿತು. ಬೇರುಗಳಿಗೆ ಲೋಳೆ ಹತ್ತಿತು. ನನ್ನ ವಾಸನೆಗೆ ಓಣಿಯ ಕಾಗೆಗಳೆಲ್ಲ ಧಾರವಾಡಕ್ಕೆ ವಲಸೆ ಹೋದವು. ಕಾಕಾರ ಗಡುವಿಗೆ ಇನ್ನು ಹತ್ತೇ ದಿನ.

"ಏನ್ ಹಾಕಿದ್ರಿ ಅತ್ತಿ?"

"ಮಜ್ಜಿಗಿ."

"ಒಗ್ಗರಣಿ ಯಾಕ ಬಿಟ್ರಿ ಮತ್ತ?"

ನೀಲವ್ವ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಬೇರನ್ನು ಕೂಸಿನ ತಲೆ ತೊಳೆದಂತೆ ತೊಳೆದಳು. ಕೋಲಿಗೆ ಬಟ್ಟೆ ಸುತ್ತಿ ನನ್ನ ಹೊಟ್ಟೆಯೆಲ್ಲ ಉಜ್ಜಿದಳು. ಹೊಸ ಪಂಪು ಬರಲು ನಾಲ್ಕು ದಿನ. ಆ ನಾಲ್ಕೂ ದಿನ ತಾಸಿಗೊಮ್ಮೆ ಮಾಳಿಗೆ ಹತ್ತಿ, ಗೊಬ್ಬರದ ನೀರನ್ನು ತಂಬಿಗೆಯಿಂದ ನನ್ನ ಬಾಯಿಗೆ ಹೊಯ್ದಳು. ಮೊಣಕಾಲು ನೋವಿನ ಮುದುಕಿ, ಮೆಟ್ಟಿಲು ಹದಿನೆಂಟು. ಇದನ್ನು ಮಾತ್ರ ನಾನು ಹಿಗ್ಗಿಸಿ ಹೇಳುತ್ತಿಲ್ಲ, ಆಕೆಯ ಹೆಜ್ಜೆ ಕೇಳಿ ಕೇಳಿ ಎಣಿಸಿದ್ದೇನೆ.

ಹನ್ನೆರಡರಲ್ಲಿ ಐದು ಬದುಕಿದವು. ಗಡುವಿನ ದಿನ ಊಟ ಮಾಳಿಗೆಯ ಮೇಲೆ, ನನ್ನ ಪಕ್ಕದಲ್ಲೇ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ನಂಚಿಕೊಳ್ಳಲು ಹಸಿ ಲೆಟ್ಯೂಸ್. ಕಾಕಾರು ಒಂದು ಎಲೆ ಅಗಿದರು. ಯಾರೂ ಉಸಿರಾಡಲಿಲ್ಲ, ಗಾಳಿಯೂ ನಿಂತಿತ್ತು.

"ಮೂಲಂಗಿ ಸೊಪ್ಪಿನಂಗ ಖಾರಿಲ್ಲ ಇದು," ಎಂದರು. ಇನ್ನೊಂದು ಎಲೆ ಎತ್ತಿಕೊಂಡರು. "ಮತ್ತ ಯಾವಾಗ ಬರತೈತಿ?"

"ಮಾಳಿಗಿ ನಮ್ಮ ಕೈಯಾಗಿದ್ರ ತಿಂಗಳ ತಿಂಗಳ ಬರತೈತ್ರಿ," ಎಂದಳು ನೀಲವ್ವ, ಸೊಸೆ ಬಾಯಿ ತೆರೆಯುವ ಮೊದಲೇ.

ಕಾಕಾರು ಐದನೆಯ ಗಿಡವನ್ನೂ ಮುಗಿಸಿ ಕೈ ತೊಳೆದರು. "ಇನ್ನೆರಡ ಪೈಪ ಹಾಕ್ರಿ."

ಅದಾಗಿ ಆರು ವರ್ಷ. ಬಿಸಿಲಿಗೆ ನಾನು ಸೀಳಿಹೋಗಿದ್ದೇನೆ; ನೀರು ನಿಲ್ಲದು. ಶಶಿಕಲಾ ನನ್ನನ್ನು ಎಸೆಯಲು ಎತ್ತಿದಾಗ ನೀಲವ್ವ ಅಡ್ಡ ಬಂದಳು. "ಇರಲಿ ಬಿಡ. ಅದೂ ನಾನೂ ಕೂಡೇ ದುಡದೇವಿ."

ಈಗ ಮೆಟ್ಟಿಲು ಮುಗಿಯುವ ಮೂಲೆಗೆ ನನ್ನನ್ನು ಬಿಗಿದು ನಿಲ್ಲಿಸಿದ್ದಾರೆ. ಬೆಳಿಗ್ಗೆ ಹತ್ತಿ ಬಂದ ನೀಲವ್ವ ನನ್ನ ಹೆಗಲು ಹಿಡಿದು, ಏದುಸಿರು ತಣಿಸಿಕೊಂಡು, ಹೊಸ ಪೈಪುಗಳ ಕಡೆ ನಡೆಯುತ್ತಾಳೆ. ಅರ್ಧ ಹುಬ್ಬಳ್ಳಿಗೆ ಸೊಪ್ಪು ತಿನ್ನಿಸಿದವನು ನಾನು. ಆದರೂ ಆ ಒಂದು ಗಳಿಗೆ ಅಲುಗಾಡದೆ ನಿಲ್ಲುವುದಿದೆಯಲ್ಲ, ಅಷ್ಟು ದೊಡ್ಡ ಕೆಲಸ ನಾನು ಇನ್ನೊಂದು ಮಾಡಿಲ್ಲ.